ಖಾಲಿ ಕೊಪ್ಪರಿಗೆಯ ಬೆಂಕಿ

ಆ ಊರಿಗೆ ಹೋಗಲು ಯಾರನ್ನೂ ದಾರಿ ಕೇಳಬೇಕಾಗಿರಲಿಲ್ಲ. ಹೊಗೆ ಕಂಡ ಕಡೆಗೆ ನಡೆದರೆ ಸಾಕು, ಊರು ಸಿಗುತ್ತಿತ್ತು. ಊರ ನಡುವೆ ಬಣ್ಣದ ಮನೆ. ಬಣ್ಣದ ಮನೆಯ ಕೆಳಗೆ ಒಲೆಗಳು, ಒಲೆಗಳ ಮೇಲೆ ತಾಮ್ರದ ಕೊಪ್ಪರಿಗೆಗಳು, ಕೊಪ್ಪರಿಗೆಗಳ ಮೇಲೆ ಹೊಗೆಗಂಡಿಗಳು, ಹೊಗೆಗಂಡಿಗಳ ಮೇಲೆ ಆಕಾಶ. ಆಕಾಶದ ನಿಜವಾದ ಬಣ್ಣ ಯಾವುದೆಂದು ಆ ಊರಿನವರನ್ನು ಕೇಳಿದರೆ ಅವರು ಆಕಾಶ ನೋಡುತ್ತಿರಲಿಲ್ಲ, ನಿಮ್ಮ ಮುಖ ನೋಡುತ್ತಿದ್ದರು. ಯಾಕೆ ಕೇಳ್ತೀರಿ? ಯಾರು ಕಳಿಸಿದ್ದು ನಿಮ್ಮನ್ನ?

ಅದು ಆ ಊರಿನ ಮಾತು. ಬೇರೆ ಊರುಗಳಲ್ಲಿ ಎದುರಿಗೆ ಸಿಕ್ಕವರನ್ನು ಊಟ ಆಯಿತಾ ಎಂದು ಕೇಳುತ್ತಾರೆ. ಇಲ್ಲಿ ಯಾರು ಕಳಿಸಿದ್ದು ಎಂದು ಕೇಳುತ್ತಿದ್ದರು. ಮಗು ಸಕ್ಕರೆ ಕೇಳಲು ಪಕ್ಕದ ಮನೆಗೆ ಹೋದರೂ ಅಷ್ಟೇ, ಗಂಡ ಹೆಂಡತಿಗೆ ಹೂವು ತಂದರೂ ಅಷ್ಟೇ.

ಬಣ್ಣದ ಮನೆಗೆ ಒಂದು ಕಟ್ಟಳೆ ಇತ್ತು. ಅಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಒಂದೊಂದು ಒಲೆ. ಬೆಳಗ್ಗೆ ಬೂದಿ ಕೆದಕಿ ಕೆಂಡವನ್ನು ಎಬ್ಬಿಸುವಾಗ ಎಲ್ಲರೂ ಒಟ್ಟಿಗೆ ಹೇಳಬೇಕು: "ಬೆಂಕಿ ಇರುವ ತನಕ ನಾನಿದ್ದೇನೆ. ಬೆಂಕಿ ಆರಿದರೆ ನನ್ನ ಋಣ ತೀರಿತು." ಯಾರ ಒಲೆ ಆರಿತೋ ಅವರು ತಮ್ಮ ಒಲೆಯ ಒಂದು ಕಲ್ಲನ್ನು ತಲೆಯ ಮೇಲೆ ಹೊತ್ತುಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಬಿಡಬೇಕು. ತಿರುಗಿ ನೋಡುವ ಹಾಗಿಲ್ಲ. ಈ ಕಟ್ಟಳೆ ಮಾಡಿದವರು ಯಾರು, ಯಾವ ಕಾಲದಲ್ಲಿ ಮಾಡಿದರು, ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಯಾರನ್ನು ಹಿಡಿದು ಜಗಳ ಆಡಬೇಕೆಂಬುದೂ ಗೊತ್ತಿರಲಿಲ್ಲ.

ಹಾಗಾಗಿ ಬೆಂಕಿ ಆರುತ್ತಲೇ ಇರಲಿಲ್ಲ. ನೂಲು ಬಂದ ದಿನ ಕೊಪ್ಪರಿಗೆಯಲ್ಲಿ ನೂಲಿನ ಲಡಿ ಕುದಿಯುತ್ತಿತ್ತು. ನೂಲು ಬಾರದ ದಿನ ಬರೀ ನೀರು ಕುದಿಯುತ್ತಿತ್ತು. ಕೆಳಗೆ ಬೆಂಕಿ ಇದ್ದು ಒಳಗೆ ನೀರಿಲ್ಲದಿದ್ದರೆ ತಾಮ್ರ ಸೀಳಿಹೋಗುತ್ತದಲ್ಲ, ಅದಕ್ಕೆ ನೀರು ಸುರಿಯುವುದು. ನೀರು ಆವಿಯಾದರೆ ಮತ್ತೆ ಸುರಿಯುವುದು. ಹೀಗೆ ಬೆಂಕಿಗಾಗಿ ನೀರನ್ನೂ, ನೀರಿಗಾಗಿ ಬೆಂಕಿಯನ್ನೂ ಖರ್ಚುಮಾಡುತ್ತ, ಹಣೆಯ ಬೆವರು ಒರೆಸಿಕೊಳ್ಳುತ್ತ, ಇಡೀ ಮನೆ ಭಾರಿ ಕೆಲಸದಲ್ಲಿದ್ದ ಹಾಗೆ ಕಾಣುತ್ತಿತ್ತು.

ಮಹಡಿಯ ಮೇಲೆ ಧಣಿ ಇದ್ದ. ಅವನು ಕೆಳಗೆ ಇಳಿಯುತ್ತಿರಲಿಲ್ಲ, ಕೆಳಗಿನವರು ಮೇಲೆ ಹತ್ತುತ್ತಿರಲಿಲ್ಲ. ಅವನ ಕಿಟಕಿಗೆ ಕಾಣುತ್ತಿದ್ದದ್ದು ಹೊಗೆ ಮಾತ್ರ. ಹೊಗೆ ಇದ್ದರೆ ಕೆಲಸ ನಡೆಯುತ್ತಿದೆ ಎಂದು ಅವನ ಲೆಕ್ಕ. ಕೆಳಗಿನವರಿಗೆ ಕಾಣುತ್ತಿದ್ದದ್ದು ಅವನ ಕಿಟಕಿಯ ದೀಪ ಮಾತ್ರ. ದೀಪ ಇದ್ದರೆ ಧಣಿ ನೋಡುತ್ತಿದ್ದಾನೆ ಎಂದು ಇವರ ಲೆಕ್ಕ. ಧಣಿಗೆ ಒಲೆ ಇರಲಿಲ್ಲ, ಆ ದೀಪವೇ ಅವನ ಬೆಂಕಿ. ಅದಕ್ಕೆ ಹಗಲಾಗಲಿ ರಾತ್ರಿಯಾಗಲಿ ಅದನ್ನೂ ಆರಗೊಡುತ್ತಿರಲಿಲ್ಲ.

ಮೇಲಕ್ಕೂ ಕೆಳಕ್ಕೂ ಓಡಾಡುವ ಅಧಿಕಾರ ಒಬ್ಬಳಿಗೆ ಮಾತ್ರ ಇತ್ತು. ಅವಳು ಮೆಟ್ಟಿಲಿನವಳು. ಮೇಲಿನ ಮಾತನ್ನು ಕೆಳಗೆ ತಲುಪಿಸುವುದು, ಕೆಳಗಿನ ಮಾತನ್ನು ಮೇಲೆ ತಲುಪಿಸುವುದು, ಇಷ್ಟೇ ಅವಳ ಕೆಲಸ. ಮೆಟ್ಟಿಲ ಅಡಿಯಲ್ಲಿ ಅವಳಿಗೂ ಒಂದು ಒಲೆ, ಒಲೆಯ ಮೇಲೆ ಒಂದು ಪುಟ್ಟ ಕೊಪ್ಪರಿಗೆ. ಅದರಲ್ಲಿ ಒಂದು ಎಳೆ ನೂಲನ್ನೂ ಯಾರೂ ಅದ್ದಿದವರಲ್ಲ. ಆದರೂ ಅದು ಕುದಿಯುತ್ತಿತ್ತು, ಕುದಿಯಲೇಬೇಕಿತ್ತು.

ಎರಡೂ ಕಡೆಯನ್ನು ಕಂಡವಳು ಅವಳೊಬ್ಬಳೇ. ಕೆಳಗೆ ನೀರು ಸುಮ್ಮನೆ ಕುದಿಯುವುದನ್ನು ಕಂಡಿದ್ದಳು. ಮೇಲೆ, ಉರಿಯುವ ಮಧ್ಯಾಹ್ನದಲ್ಲಿ, ಉರಿಯುವ ದೀಪದ ಪಕ್ಕದಲ್ಲಿ, ಕಿಟಕಿಗೆ ಬೆನ್ನು ಹಾಕಿ ಧಣಿ ಗೊರಕೆ ಹೊಡೆಯುವುದನ್ನೂ ಕಂಡಿದ್ದಳು. ಆದರೆ ಮೆಟ್ಟಿಲಿನವಳ ಕೆಲಸ ಕಾಲಿನದು, ಕಣ್ಣಿನದಲ್ಲ. ಕಂಡದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಸೌದೆ ತರುವ ಕೊಡಲಿಯವನು ಅರ್ಧ ತುಂಬಿದ ಗಾಡಿ ಹೊಡೆದುಕೊಂಡು ಬಂದ. "ಗುಡ್ಡ ಮುಗೀತು ಕಣವ್ವ. ಇನ್ನು ಎಲ್ಲಿಂದ ತರ್ಲಿ ಅಂತ ಕೇಳ್ಕೊಂಡು ಬಾ," ಎಂದ.

ಅವಳು ಹತ್ತಿಹೋಗಿ ಹೇಳಿದಳು. ಧಣಿ ಕಿಟಕಿಯಿಂದ ಕಣ್ಣು ತೆಗೆಯದೆ, "ಹೊಗೆ ಕಡಿಮೆ ಆಗಕೂಡದು. ಎಲ್ಲಿಂದಾದ್ರೂ ತರಲಿ," ಎಂದ. ಅವಳು ಇಳಿದುಬಂದು ಅದನ್ನೇ ಹೇಳಿದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ.

"ಎಲ್ಲಿಂದಾದ್ರೂ ಅಂದ್ರೆ ಇನ್ನು ಉಳಿದಿರೋದು ಕೂಸಿನ ತೋಪು ಒಂದೇ," ಎಂದ ಕೊಡಲಿಯವನು. "ಮೂಡಣ ದಿಕ್ಕಿಂದ ಶುರು ಮಾಡ್ತೀನಿ."

ಮೆಟ್ಟಿಲಿನವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ತನ್ನ ಬಾಯಿಂದಲೇ ಹೊರಟ ಮಾತು ಅದು.

ಕೂಸಿನ ತೋಪು ಎಂದರೆ ಊರ ಹೊರಗಿನ ಹೊಂಗೆಯ ತೋಪು. ನಡೆಯುವುದನ್ನು ಕಲಿಯುವ ಮೊದಲೇ ಹೋಗಿಬಿಟ್ಟ ಮಕ್ಕಳನ್ನು ಅಲ್ಲಿ ಮಣ್ಣು ಮಾಡುತ್ತಿದ್ದರು. ಮಣ್ಣಿನ ಮೇಲೆ ಒಂದು ಹೊಂಗೆಯ ಸಸಿ ನೆಟ್ಟು, ಮಗುವಿನ ಕೈಯ ತಾಮ್ರದ ಕಡಗವನ್ನು ಸಸಿಗೆ ತೊಡಿಸುತ್ತಿದ್ದರು. ಸಸಿ ದಪ್ಪವಾಗುತ್ತ ಆಗುತ್ತ ಕಡಗವನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತಿತ್ತು. ಯಾವ ಮರ ಯಾರದೆಂದು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೇಳಿದರೆ ಮಲಗಿದ ಮಗು ಎದ್ದು ಅಳುತ್ತದೆ ಎಂದು ನಂಬಿಕೆ. ಅದಕ್ಕೆ ಹೊಂಗೆ ಬೀಜ ಆರಿಸುವ ನೆಪದಲ್ಲಿಯೋ ನೆರಳಿಗೆ ಕೂರುವ ನೆಪದಲ್ಲಿಯೋ ಹೋಗಿ, ಯಾವ ಮರವನ್ನೂ ವಿಶೇಷವಾಗಿ ನೋಡದ ಹಾಗೆ ನಟಿಸಿ ಬರುತ್ತಿದ್ದರು. ಆರಿಸಿದ ಬೀಜ ಗಾಣಕ್ಕೆ ಹೋಗುತ್ತಿತ್ತು, ಗಾಣದ ಎಣ್ಣೆ ಧಣಿಯ ದೀಪಕ್ಕೆ ಹೋಗುತ್ತಿತ್ತು.

ತೋಪಿನ ಪಡುವಣ ಮೂಲೆಯ ಒಂದು ಮರ ಮೆಟ್ಟಿಲಿನವಳದು. ಅದರೊಳಗೆ ಒಂದು ಕಡಗವಿತ್ತು. ಅದರ ಬಗ್ಗೆ ಅವಳು ಇದುವರೆಗೆ ಯಾರ ಹತ್ತಿರವೂ ಮಾತಾಡಿರಲಿಲ್ಲ. ಗಂಡ ಬದುಕಿದ್ದಾಗ ಅವನ ಹತ್ತಿರವೂ ಮಾತಾಡಿರಲಿಲ್ಲ.

ಅವಳು ಮೊದಲು ಕೆಳಗಿನವರ ಬಳಿ ಹೋದಳು. ಕೆಳಗಿನವರಲ್ಲಿ ದೊಡ್ಡವನು ಕೆಂಪಿನ ಮುದುಕ. ಹುಟ್ಟಿದಾಗಿನಿಂದ ಕೆಂಪು ಬಣ್ಣವನ್ನೇ ಕಲಸಿ ಕಲಸಿ ಅವನ ಕೈ ಮಣಿಕಟ್ಟಿನ ತನಕ ಕೆಂಪಾಗಿತ್ತು. ಯಾರೇ ಏನೇ ಹೇಳಬೇಕಾದರೂ ಮೊದಲು ಅವನ ಮುಖ ನೋಡುತ್ತಿದ್ದರು. ಅವನ ಮುಖ ನೋಡದೆ ಮಾತಾಡುವವಳೆಂದರೆ ಹಳದಿಯವಳು ಒಬ್ಬಳೇ, ಅವಳ ನಾಲಿಗೆಗೆ ಮೂಳೆ ಇರಲಿಲ್ಲ.

"ಅಣ್ಣಾ," ಎಂದಳು ಮೆಟ್ಟಿಲಿನವಳು, "ನೂಲಿಲ್ಲದ ಕೊಪ್ಪರಿಗೆಗೆ ಬೆಂಕಿ ಯಾಕೆ? ಆರಿಸಿಬಿಡಿ. ನೂಲು ಬಂದಾಗ ಹೊತ್ತಿಸ್ಕೊಂಡ್ರಾಯ್ತು."

ಕೊಪ್ಪರಿಗೆಗಳಲ್ಲಿ ತಿರುಗುತ್ತಿದ್ದ ಕೋಲುಗಳು ನಿಂತವು.

"ಯಾರು ಕಳಿಸಿದ್ದು?" ಎಂದ ಕೆಂಪಿನ ಮುದುಕ.

"ಯಾರೂ ಕಳಿಸಿಲ್ಲ. ನಾನೇ ಹೇಳ್ತಿದೀನಿ."

"ನೀನಾಗೇ ಹೇಳೋ ಪೈಕಿ ಅಲ್ಲ ತಾಯಿ ನೀನು. ನಿನ್ನ ಬಾಯಿಂದ ಬರೋದೆಲ್ಲ ಇನ್ನೊಬ್ರ ಮಾತೇ."

"ಇವತ್ತು ಒಲೆ ಆರಿಸಿ ಅಂತಾರೆ," ಎಂದಳು ಹಳದಿಯವಳು ಸೊಂಟಕ್ಕೆ ಕೈಯಿಟ್ಟು. "ನಾಳೆ ಕಲ್ಲು ಹೊತ್ಕೊಳ್ಳಿ ಅಂತಾರೆ. ನಮಗೆ ಅಷ್ಟೂ ಗೊತ್ತಾಗಲ್ವಾ? ಮೇಲಿನ ಗಾಳಿ ಕುಡಿದ ಮೈ ನಿಂದು. ಹೋಗಿ ಹೇಳು, ಇಲ್ಲಿ ಯಾರೂ ಕಿವಿ ಮೇಲೆ ಹೂ ಇಟ್ಕೊಂಡಿಲ್ಲ ಅಂತ."

"ಸೌದೆಗೆ ಕೂಸಿನ ತೋಪು ಕಡೀತಾರಂತೆ ಅಕ್ಕಾ."

ಆ ಮಾತಿಗೆ ಎಲ್ಲರೂ ತಂತಮ್ಮ ಒಲೆಯನ್ನೇ ನೋಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಕಡೀಲಿ ಬಿಡು, ಅದೇನು ಯಾರಪ್ಪನ ಆಸ್ತೀನಾ," ಎಂದ ಮುದುಕ. ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದ. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದ, "ಅಲ್ಲ, ನಿನಗ್ಯಾಕೆ ಅಷ್ಟೊಂದು ಸಂಕಟ? ನಿಂದೇನಾದ್ರೂ ಇದೆಯಾ ಅಲ್ಲಿ?"

ಯಾರೂ ಯಾರನ್ನೂ ಕೇಳಬಾರದ ಪ್ರಶ್ನೆ ಅದು. ಹೌದೆಂದರೆ ಮಗು ಏಳುತ್ತದೆ. ಇಲ್ಲವೆಂದರೆ ಇದ್ದ ಮಗುವನ್ನೇ ಇಲ್ಲವೆಂದ ಹಾಗೆ.

"ಇಲ್ಲ," ಎಂದಳು ಅವಳು.

"ಇಲ್ಲ ಅಂದ್ಮೇಲೆ ಯಾರೋ ಕಳಿಸಿರ್ಲೇಬೇಕು," ಎಂದು ಮುದುಕ ಒಲೆಗೆ ಇನ್ನೊಂದು ಕೊರಡು ತಳ್ಳಿದ.

ಅವಳು ಮೇಲಕ್ಕೆ ಹೋದಳು. ಬಾಗಿಲಲ್ಲಿ ನಿಂತು ಕೆಮ್ಮಿದಳು. ಧಣಿ ಬೆಚ್ಚಿಬಿದ್ದು ಎದ್ದು, ಆಗಿನಿಂದಲೂ ಕಿಟಕಿಯನ್ನೇ ನೋಡುತ್ತಿದ್ದವನ ಹಾಗೆ ಕತ್ತು ತಿರುಗಿಸಿದ. ಅವನ ಕೆನ್ನೆಯ ಮೇಲೆ ದಿಂಬಿನ ಗೆರೆ ಇತ್ತು.

"ಧಣೀ, ಹೊಗೆ ಬಂದದ್ದೆಲ್ಲ ಕೆಲಸ ಅಲ್ಲ. ನೂಲಿಲ್ಲದ ಒಲೆ ಆರಿಸಿದ್ರೆ ತಪ್ಪಿಲ್ಲ, ಯಾರ ಋಣಾನೂ ತೀರಲ್ಲ ಅಂತ ತಾವು ಒಂದು ಮಾತು ಹೇಳಿದ್ರೆ ಸಾಕು. ಅರ್ಧ ಸೌದೆ ಉಳಿಯುತ್ತೆ."

"ಯಾರು ಕಳಿಸಿದ್ದು ನಿನ್ನ?"

"ಯಾರೂ ಕಳಿಸಿಲ್ಲ."

"ಕಾಲು ಚಾಚಿ ಮಲಗೋ ಆಸೆ ಬಂದಿದೆಯಾ ಅವರಿಗೆ? ಬೆಂಕಿ ಇದ್ರೆ ತಾನೆ ಒಲೆ ಮುಂದೆ ನಿಂತಿರ್ತಾರೆ. ಬೆಂಕಿ ಆರಿಸಿಬಿಟ್ರೆ ಅವರು ಎಲ್ಲಿರ್ತಾರೆ, ಏನು ಮಾತಾಡ್ಕೋತಾರೆ, ನನಗೆ ಹೇಗೆ ಗೊತ್ತಾಗಬೇಕು?"

ಅವಳು ದಿಂಬಿನ ಗೆರೆಯನ್ನೇ ನೋಡುತ್ತ ನಿಂತಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬೇರೆ ಕೇಳಿದಳು, "ಈ ದೀಪಾನಾದ್ರೂ ಹಗಲು ಹೊತ್ತು ಬೇಕಾ ಧಣೀ?"

ಗಾಳಿಯೇ ಇಲ್ಲದ ಕೋಣೆಯಲ್ಲಿ ಧಣಿ ದೀಪಕ್ಕೆ ಅಂಗೈ ಅಡ್ಡ ಹಿಡಿದ. "ಇದು ಆರಿದ ದಿನ ನನ್ನ ತಲೆ ಮೇಲೂ ಕಲ್ಲು ಹೊರಿಸ್ತಾರೆ," ಎಂದ. ಅವನ ದನಿ ಸಣ್ಣದಾಗಿತ್ತು. ಧಣಿಗೂ ಹೆದರಿಕೆ ಇದೆ ಎಂಬುದು ಅವಳಿಗೆ ಆಗಲೇ ಮೊದಲ ಸಲ ತಿಳಿದದ್ದು. ತಿಳಿದು ಸಮಾಧಾನವಾಗಲಿಲ್ಲ, ಇನ್ನಷ್ಟು ಭಯವಾಯಿತು. ತನ್ನ ಹೆದರಿಕೆಯನ್ನು ಅವಳು ಗಮನಿಸಿದಳೆಂದು ಧಣಿಗೂ ಗೊತ್ತಾಯಿತು. "ನೀನು ಕೆಳಗಿನವಳು," ಎಂದ. "ನನಗೆ ಮೊದಲಿಂದಲೂ ಅನುಮಾನ ಇತ್ತು."

ಅವಳು ನಡುಮೆಟ್ಟಿಲಿನಲ್ಲಿ ಕೂತುಬಿಟ್ಟಳು. ಕೆಳಗಿನವರಿಗೆ ಅವಳು ಮೇಲಿನವಳು, ಮೇಲಿನವನಿಗೆ ಅವಳು ಕೆಳಗಿನವಳು. ಇಷ್ಟು ವರ್ಷ ಎರಡೂ ಕಡೆಯವಳು ಎಂದುಕೊಂಡಿದ್ದಳು ಪಾಪ. ಅಲ್ಲೇ ತಲೆಯ ಮೇಲೆ ಮೆಟ್ಟಿಲ ಗಂಟೆ ತೂಗುತ್ತಿತ್ತು, ತಾನು ಮಾತು ಹೊತ್ತು ತಂದಿದ್ದೇನೆಂದು ತಿಳಿಸಲು ಅವಳು ಬಾರಿಸುವ ಗಂಟೆ. ಅದನ್ನು ನೋಡುತ್ತ ನೋಡುತ್ತ ಅವಳಿಗೊಂದು ಉಪಾಯ ಹೊಳೆಯಿತು. ಕೆಟ್ಟ ಉಪಾಯ. ನಿಜ ಹೇಳಿದರೆ ಇಬ್ಬರೂ ನಂಬುವುದಿಲ್ಲವಲ್ಲ, ಸುಳ್ಳನ್ನಾದರೂ ನಂಬುತ್ತಾರೋ ನೋಡೋಣ ಎಂದುಕೊಂಡಳು.

ಕೆಳಗೆ ಹೋಗಿ ಹೇಳಿದಳು, "ಧಣಿ ಹೇಳಿ ಕಳಿಸಿದಾರೆ. ನಾಳೆ ಬಿಸಿಲು ನೆತ್ತಿಗೆ ಬಂದಾಗ ಗಂಟೆ ಹೊಡೀತೀನಿ. ನೀವು ಖಾಲಿ ಒಲೆ ಆರಿಸಿದ್ರೆ ಅವರು ಹಗಲು ದೀಪ ಆರಿಸ್ತಾರಂತೆ." ಮೇಲೆ ಹೋಗಿ ಹೇಳಿದಳು, "ಕೆಳಗಿನವರು ಹೇಳಿ ಕಳಿಸಿದಾರೆ. ನಾಳೆ ಗಂಟೆ ಹೊಡೆದಾಗ ತಾವು ಹಗಲು ದೀಪ ಆರಿಸಿದ್ರೆ ಅವರು ಖಾಲಿ ಒಲೆ ಆರಿಸ್ತಾರಂತೆ." ಹುಟ್ಟಿದ ಮೇಲೆ ಮೊದಲ ಸಲ, ಯಾರೂ ಆಡದ ಮಾತನ್ನು ಅವಳ ಕಾಲು ಹೊತ್ತಿತ್ತು. ವಿಚಿತ್ರವೆಂದರೆ ಈ ಸಲ ಇಬ್ಬರೂ ಯಾರು ಕಳಿಸಿದ್ದು ಎಂದು ಕೇಳಲಿಲ್ಲ. ಆಗಲಿ ಎಂದರು.

ಮರುದಿನ ಬಿಸಿಲು ನೆತ್ತಿಗೆ ಬಂತು. ಅವಳು ಗಂಟೆ ಹೊಡೆದಳು.

ಕೆಳಗೆ ಎಲ್ಲರ ಕೈಯಲ್ಲೂ ನೀರಿನ ಚೊಂಬು. ಎಲ್ಲರ ಕಣ್ಣೂ ಕಿಟಕಿಯ ದೀಪದ ಮೇಲೆ. ಅವನು ಆರಿಸಲಿ, ಆಮೇಲೆ ನಾವು. ಮೇಲೆ ಧಣಿಯ ಎರಡು ಬೆರಳು ದೀಪದ ಬತ್ತಿಯ ಹತ್ತಿರ. ಅವನ ಕಣ್ಣು ಹೊಗೆಯ ಮೇಲೆ. ಅವರು ಆರಿಸಲಿ, ಆಮೇಲೆ ನಾನು. ಅವಳು ಮತ್ತೆ ಹೊಡೆದಳು. ಚೊಂಬುಗಳು ಒಲೆಯ ಮೇಲೆ ವಾಲಿ ಮತ್ತೆ ನೆಟ್ಟಗಾದವು, ಬತ್ತಿಯ ಬಳಿಯ ಬೆರಳು ಸುಟ್ಟುಕೊಂಡಿತು, ಅಷ್ಟೇ. ಕೊನೆಗೆ ಚೊಂಬಿನ ನೀರು ಒಲೆಗೆ ಬೀಳಲಿಲ್ಲ, ಕೊಪ್ಪರಿಗೆಗೆ ಬಿತ್ತು.

"ನೋಡಿದೆಯಾ?" ಎಂದರು ಕೆಳಗೆ. "ನೋಡಿದೆಯಾ?" ಎಂದ ಧಣಿ ಮೇಲೆ.

ಅವತ್ತಿನಿಂದ ಮೊದಲಿಗಿಂತ ಕೆಟ್ಟಿತು. ನಮ್ಮನ್ನು ಬಲೆಗೆ ಬೀಳಿಸಲು ನೋಡಿದರು ಎಂದು ಕೆಳಗಿನವರು ಒಲೆಗೆ ಎರಡರಷ್ಟು ಸೌದೆ ತುರುಕಿದರು. ನನ್ನನ್ನು ಬಲೆಗೆ ಬೀಳಿಸಲು ನೋಡಿದರು ಎಂದು ಧಣಿ ಬತ್ತಿಯನ್ನು ದಪ್ಪ ಮಾಡಿದ. ಗುಡ್ಡದ ಕೊನೆಯ ಸೌದೆ ಒಂದೇ ಏಟಿಗೆ ಮುಗಿದುಹೋಯಿತು. ಕೊಡಲಿಯವನು ತೋಪಿಗೆ ಹೊರಟ. ಎಲ್ಲ ನನ್ನಿಂದಲೇ ಆಯಿತು ಎಂದು ಮೆಟ್ಟಿಲಿನವಳು ತಲೆ ಚಚ್ಚಿಕೊಂಡಳು. ನಿಜವೂ ಅದೇ.

ಹೊಂಗೆಯ ಮೊದಲ ಗಾಡಿ ಬಂತು. ಹಸಿ ಸೌದೆ, ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಬಣ್ಣದ ಮನೆ ತುಂಬ ಎಲ್ಲರ ಕಣ್ಣಲ್ಲೂ ನೀರು. ಹಾಳು ಹೊಗೆ, ಹಾಳು ಹೊಗೆ ಎನ್ನುತ್ತ ಎಲ್ಲರೂ ಸೆರಗಿನಲ್ಲಿ, ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ಹೊಗೆ ಇದ್ದದ್ದು ಎಲ್ಲರಿಗೂ ಒಳ್ಳೆಯದೇ ಆಗಿತ್ತು. ಮೇಲೆ ಧಣಿಗೆ ಮಾತ್ರ ಖುಷಿಯೋ ಖುಷಿ. "ಇಷ್ಟು ದಟ್ಟ ಹೊಗೆ ನಾನು ಕಂಡೇ ಇರ್ಲಿಲ್ಲ. ಕೆಲಸ ಬಹಳ ಚೆನ್ನಾಗಿ ನಡೀತಿದೆ ಅಂತ ಹೇಳು ಅವರಿಗೆ," ಎಂದ. ಮೆಟ್ಟಿಲಿನವಳು ಇಳಿದುಬಂದು ಹೇಳಿದಳು. ಎಲ್ಲರೂ ಮತ್ತೆ ಕಣ್ಣೊರೆಸಿಕೊಂಡರು.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಎಲ್ಲರೂ ಬೂದಿ ಕೆದಕುತ್ತ ಒಟ್ಟಿಗೆ ಹೇಳುತ್ತಿದ್ದರು. ಬೆಂಕಿ ಇರುವ ತನಕ ನಾನಿದ್ದೇನೆ. ಬೆಂಕಿ ಆರಿದರೆ... ಅಲ್ಲಿಗೆ ಒಂದು ದನಿ ನಿಂತುಹೋಯಿತು. ಕೆಂಪಿನ ಮುದುಕ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೂದಿಯೊಳಗೆ ಏನನ್ನೋ ನೋಡುತ್ತಿದ್ದ. ಇಕ್ಕಳದಿಂದ ಅದನ್ನು ಎತ್ತಿ, ಪಂಚೆಯ ಚುಂಗಿನಲ್ಲಿ ಒರೆಸಿ, ಸೀದಾ ಮೆಟ್ಟಿಲ ಬಳಿ ಬಂದ.

"ಇದನ್ನ ನನ್ನ ಬೂದಿಗೆ ಹಾಕಿದ್ದು ನೀನೇ ತಾನೆ?"

ಅವನ ಕೆಂಪು ಅಂಗೈಯಲ್ಲಿ ಒಂದು ಪುಟ್ಟ ಕಡಗವಿತ್ತು. ಸುಟ್ಟು ಕಪ್ಪಾಗಿತ್ತು.

"ನಾನಲ್ಲ ಅಣ್ಣಾ."

"ಯಾರು ಹಾಕ್ಸಿದ್ದು? ಧಣೀನಾ? ಎಲ್ಲಿಂದ ತಂದೆ ಇದನ್ನ? ಗಂಟೆ ಹೊಡೆದು ಸುಳ್ಳು ಹೇಳಿದೋಳಿಗೆ ಇದೇನು ಮಹಾ!"

ಅವಳು ಕಡಗವನ್ನೇ ನೋಡಿದಳು. ಒಂದು ತುದಿ ಒಳಕ್ಕೆ ಬಾಗಿತ್ತು, ಎಳೆಯ ಕೈಗೆ ದೊಡ್ಡದಾಯಿತೆಂದು ಯಾರೋ ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡಿದ ಹಾಗೆ. ತನ್ನದರಲ್ಲಿ ಆ ಬಾಗು ಇರಲಿಲ್ಲ. ಸದ್ಯ, ನನ್ನದಲ್ಲ ಎಂದು ಜೀವಕ್ಕೆ ಹಾಯೆನಿಸಿತು. ಹಾಗನಿಸಿದ್ದಕ್ಕೆ ಮರುಕ್ಷಣವೇ ನಾಚಿಕೆಯಿಂದ ಕುಗ್ಗಿಹೋದಳು. ಆ ನಾಚಿಕೆಯಲ್ಲಿ ಬಾಯಿ ತಾನಾಗಿ ತೆರೆಯಿತು.

"ಇದು ನಂದಲ್ಲ ಅಣ್ಣಾ. ನಂದಿನ್ನೂ ಮರದಲ್ಲೇ ಇದೆ. ಪಡುವಣ ಮೂಲೆ ಮರದಲ್ಲಿ."

ಇಡೀ ಬಣ್ಣದ ಮನೆ ಅದನ್ನು ಕೇಳಿಸಿಕೊಂಡಿತು. ಎಲ್ಲೋ ಮಗು ಅಳುತ್ತದೇನೋ ಎಂದು ಎಲ್ಲರೂ ಕಾದ ಹಾಗಿತ್ತು. ಅಳು ಕೇಳಲಿಲ್ಲ. ನೀರು ಕುದಿಯುವ ಸದ್ದು ಮಾತ್ರ ಕೇಳುತ್ತಿತ್ತು. ಮುದುಕ ಕಡಗದ ಬಾಗಿದ ತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಮುಷ್ಟಿ ಮುಚ್ಚಿ, ತನ್ನ ಒಲೆಯ ಮುಂದೆ ಹೋಗಿ ಕೂತ. ಸೌದೆ ತಳ್ಳಲಿಲ್ಲ. ಆರಿಸಲೂ ಇಲ್ಲ.

"ನೋಡ್ರೇ, ಇದಕ್ಕೇ ಇಷ್ಟೆಲ್ಲ ನಾಟಕ," ಎಂದಳು ಹಳದಿಯವಳು. "ತನ್ನ ಮರ ಉಳಿಸ್ಕೊಳ್ಳೋಕೆ ನಮ್ಮ ಒಲೆ ಆರಿಸೋಕೆ ಬಂದಿದಾಳೆ." ಹಾಗೆಂದಳೇ ಹೊರತು, ಬೂದಿ ಕೆದಕುವ ಅವಳ ಕೈ ಯಾಕೋ ತಡೆದು ತಡೆದು ಆಡುತ್ತಿತ್ತು.

ಹೊರಗೆ ಗಾಡಿ ಹೂಡಿದ ಸದ್ದಾಯಿತು. ಇವತ್ತು ಪಡುವಣ ಕಡೆ ಎಂದು ಕೊಡಲಿಯವನು ಎತ್ತುಗಳಿಗೆ ಹೇಳುತ್ತಿದ್ದ.

ಮೆಟ್ಟಿಲಿನವಳು ತನ್ನ ಒಲೆಯ ಮುಂದೆ ಬಂದು ನಿಂತಳು. ತನ್ನ ಕೊಪ್ಪರಿಗೆಯ ನೀರನ್ನೇ ಮೊಗೆದು ಒಲೆಯ ಮೇಲೆ ಸುರಿದಳು. ಚುಂಯ್ ಎಂದಿತು. ಆ ಮನೆಯಲ್ಲಿ ಯಾರೂ ಕೇಳಿರದ ಸದ್ದು ಅದು. ದೊಡ್ಡವರು ಕೂಡ ಹೆದರಿ ಹಿಂದಕ್ಕೆ ಸರಿದರು. "ಧಣಿ ಏನು ಕೊಡ್ತೀನಿ ಅಂದಿದಾನೆ ನಿನಗೆ?" ಎಂದು ಯಾರೋ ಕೂಗಿದರು. ಅವಳು ಬಿಸಿ ಕಲ್ಲಿಗೆ ಸೆರಗು ಸುತ್ತಿ, ತಲೆಯ ಮೇಲೆ ಹೊತ್ತು, ಹಿತ್ತಲ ಬಾಗಿಲಿನಿಂದ ಹೊರಟಳು. ತಿರುಗಿ ನೋಡಲಿಲ್ಲ. ಕಟ್ಟಳೆ ಬಿಡಿ, ನೋಡಲು ಅವಳಿಗೆ ಮನಸ್ಸೇ ಇರಲಿಲ್ಲ.

ತೋಪಿನ ಮೂಡಣ ಅರ್ಧ ಬೋಳಾಗಿತ್ತು. ಕಡಿದ ಬುಡಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಅವಳು ತನ್ನ ಮರದ ಕೆಳಗೆ ಕಲ್ಲು ಇಳಿಸಿ, ಅದರ ಮೇಲೆ ಕೂತು, ಮರಕ್ಕೆ ಬೆನ್ನು ಕೊಟ್ಟಳು. ಮೊದಲ ಸಲ ಯಾವ ನೆಪವೂ ಇಲ್ಲದೆ ಅಲ್ಲಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಕೊಡಲಿಯವನು ಬಂದ.

"ಏಳವ್ವ."

"ಯಾರು ಕಳಿಸಿದ್ದು?" ಎಂದಳು. ಈ ಸಲ ಕೇಳಿದ್ದು ಅವಳು.

ಅವನು ಊರ ಕಡೆ ಕೈ ತೋರಿಸಿದ. "ಹೊಗೆ. ಅದಿರೋ ತನಕ ನಾನು ಕಡೀತಿರಬೇಕು." ಮರದ ಆಚೆ ಮಗ್ಗುಲಿಗೆ ಹೋಗಿ ಒಂದು ಏಟು ಹಾಕಿದ. ಏಟಿನ ಅದುರು ಅವಳ ಬೆನ್ನಿಗೆ ತಾಕಿತು. ಅವಳು ಏಳಲಿಲ್ಲ. ಇನ್ನೊಂದು ಏಟಿಗೆ ಎತ್ತಿದ ಕೊಡಲಿಯನ್ನು ಅವನು ಹಾಗೇ ಇಳಿಸಿದ. "ಒಳ್ಳೆ ಕಾಟ ಆಯ್ತಲ್ಲ ನಿಂದು," ಎಂದು ಗೊಣಗಿ ನೆಲದ ಮೇಲೆ ಕೂತು ಎಲೆ ಅಡಿಕೆಯ ಚೀಲ ಬಿಚ್ಚಿದ. "ಇದು ಅಗಿದು ಉಗಿಯೋ ತನಕ ಕೂತ್ಕೋ. ಆಮೇಲೆ ನಾನು ಯಾರ ಮಾತೂ ಕೇಳೋನಲ್ಲ."

ಅವನು ಅಗಿಯುತ್ತ ಊರ ಕಡೆ ನೋಡಿದ. "ಒಂದು ಹೊಗೆ ಕಮ್ಮಿ ಇದೆ," ಎಂದ.

"ಅದು ನಂದು."

"ಇನ್ನೊಂದು ಕಮ್ಮಿ ಆಯ್ತು."

ಅವಳು ಧಡಕ್ಕನೆ ಎದ್ದು ನಿಂತಳು. ಹೌದು, ಒಂದು ಹೊಗೆ ತೆಳ್ಳಗಾಗಿ, ಎಳೆಯಾಗಿ, ಇಲ್ಲವಾಯಿತು. ಅದರ ಪಕ್ಕದ್ದೂ ಹೋಯಿತು. ಅದರಾಚೆಯದೂ ಹೋಯಿತು. ಅವಳಿಗೆ ಬಂದ ಮೊದಲ ಯೋಚನೆ ಒಳ್ಳೆಯದಾಗಿರಲಿಲ್ಲ. ಧಣಿ ಓಡಿಸುತ್ತಿದ್ದಾನೆ, ನನ್ನ ನೆಪದಲ್ಲಿ ಎಲ್ಲರನ್ನೂ ಓಡಿಸುತ್ತಿದ್ದಾನೆ ಎಂದುಕೊಂಡಳು. ತಲೆಯ ಮೇಲೆ ಕಲ್ಲು ಹೊತ್ತವರ ಸಾಲು ಕಾಣುತ್ತದೇನೋ ಎಂದು ದಾರಿಯನ್ನೇ ನೋಡುತ್ತ ನಿಂತಳು.

ಅಲ್ಲಿ ಬಣ್ಣದ ಮನೆಯೊಳಗೆ ನಡೆದದ್ದನ್ನು ಅವಳು ಕಂಡವಳಲ್ಲ. ಆಮೇಲೆ ಕೇಳಿ ತಿಳಿದದ್ದು ಇಷ್ಟು. ಒಂದು ಹೊಗೆ ಕಾಣದಾದಾಗ ಧಣಿ ಮೆಟ್ಟಿಲಿನವಳನ್ನು ಕೂಗಿದ. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಕೆಳಗಿನವರು ಧಣಿಯ ದನಿ ಕೇಳಿದ್ದು ಅದೇ ಮೊದಲು. ಅದು ನೆಗಡಿಯಾದವನ ದನಿಯ ಹಾಗಿತ್ತು. ಹೋಗಿ ಹೇಳುವವರಿಲ್ಲ, ಬಂದು ಹೇಳುವವರಿಲ್ಲ. ಕೊನೆಗೆ ಕೆಂಪಿನ ಮುದುಕ ಮುಷ್ಟಿ ಬಿಗಿ ಹಿಡಿದು ಮೆಟ್ಟಿಲು ಹತ್ತಿದ. ಅದೇ ಹೊತ್ತಿಗೆ ಧಣಿ, ಹಿಂದೆ ಬಿಟ್ಟುಬಂದರೆ ಯಾರಾದರೂ ಆರಿಸಿಯಾರೆಂದು ದೀಪವನ್ನು ಕೈಯಲ್ಲೇ ಹಿಡಿದು, ಮೆಟ್ಟಿಲು ಇಳಿದ. ಗಂಟೆಯ ಕೆಳಗೆ ಎದುರುಬದುರಾದರು. ಯಾರು ಕಳಿಸಿದ್ದು ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಉತ್ತರ ಹೇಳಬೇಕಾದವಳು ಅಲ್ಲಿರಲಿಲ್ಲ.

ಮುದುಕ ಮುಷ್ಟಿ ಬಿಚ್ಚಿದ. ಧಣಿ ದೀಪವನ್ನು ಹತ್ತಿರ ತಂದ. ದೀಪದಿಂದ ಏನೂ ಕಾಣಲಿಲ್ಲ; ಹಗಲು ಬೆಳಕಿಗೆ ತಿರುಗಿಸಿದ ಮೇಲೇ ಕಂಡದ್ದು. "ಯಾರದು?" ಎಂದ ಧಣಿ. "ನಂದು," ಎಂದ ಮುದುಕ. ಆಗ ಹಳದಿಯವಳು ಕೆಳಗಿನಿಂದ, ನಂದೂ ಒಂದಿದೆ ಎಂದಳು. ಇನ್ನಾರೋ ನಂದೂ ಎಂದರು. ಧಣಿ ಕತ್ತು ಬಾಗಿಸಿ ಕೆಳಗೆ ನೋಡಿದ. ಒಂದನ್ನು ಬಿಟ್ಟು ಉಳಿದ ಸಾಲು ಕೊಪ್ಪರಿಗೆಗಳಲ್ಲಿ ಬರೀ ನೀರು ಕುದಿಯುವುದನ್ನು ಅವನು ಮೊದಲ ಸಲ ಕಂಡ. ಕೆಳಗಿನವರು ಕತ್ತೆತ್ತಿ ಮೇಲೆ ನೋಡಿದರು. ಖಾಲಿ ಕಿಟಕಿಯನ್ನು ಅವರೂ ಮೊದಲ ಸಲ ಕಂಡರು. ಅಷ್ಟರಲ್ಲಿ ದೀಪ ಆರಿತು. ಗಾಳಿಗೆ ಆರಿತೋ ಧಣಿಯೇ ಊದಿದನೋ ಎಂಬ ಬಗ್ಗೆ ಆ ಊರಿನಲ್ಲಿ ಇವತ್ತಿಗೂ ಜಗಳವಿದೆ. ಅದರ ಹಿಂದೆಯೇ ಮುದುಕ ಇಳಿದುಹೋಗಿ ತನ್ನ ಒಲೆಗೆ ನೀರು ಸುರಿದ. ಎಲ್ಲರ ಬೆಂಕಿಯೂ ಆರುತ್ತ ಬಂದ ಮೇಲೆ ಯಾರ ತಲೆಗೆ ಯಾರು ಕಲ್ಲು ಹೊರಿಸುವುದು?

ದಾರಿಯಲ್ಲಿ ಜನ ಕಂಡರು. ಮೆಟ್ಟಿಲಿನವಳು ಮೊದಲು ಅವರ ತಲೆಗಳನ್ನು ನೋಡಿದಳು. ಯಾರ ತಲೆಯ ಮೇಲೂ ಕಲ್ಲಿರಲಿಲ್ಲ. ಆದರೂ ಅವಳ ಎದೆ ತಿಳಿಯಾಗಲಿಲ್ಲ. ಮುದುಕನ ಪಕ್ಕದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬರುತ್ತಿದ್ದವನು ಧಣಿ ಎಂದು ಗೊತ್ತಾದಾಗ ಅನುಮಾನ ಇನ್ನೂ ಹೆಚ್ಚಾಯಿತು. ಅವರು ಹತ್ತಿರ ಬರುವ ಮೊದಲೇ ಮರಕ್ಕೆ ಅಡ್ಡ ನಿಂತು ಕೇಳಿದಳು:

"ಯಾರು ಕಳಿಸಿದ್ದು ನಿಮ್ಮನ್ನ?"

ಮುದುಕ ಧಣಿಯ ಮುಖ ನೋಡಿದ, ಧಣಿ ಮುದುಕನ ಮುಖ ನೋಡಿದ.

"ಯಾರೂ ಕಳಿಸ್ಲಿಲ್ಲ ತಾಯಿ," ಎಂದ ಮುದುಕ. "ನಾವೇ ಬಂದ್ವಿ."

ಅವಳು ನಂಬಲಿಲ್ಲ. ಅವರ ಹೆಗಲಾಚೆ ಕತ್ತು ಚಾಚಿ, ಹಿಂದೆ ಇನ್ಯಾರಾದರೂ ಇದ್ದಾರೋ ಎಂದು ನೋಡಿದಳು. ಇರಲಿಲ್ಲ. ಊರ ಮೇಲೆ ಒಂದೇ ಒಂದು ಹೊಗೆ ಇನ್ನೂ ಏಳುತ್ತಿತ್ತು. ಸಿಕ್ಕಿಬಿದ್ದಿರಿ ಎನ್ನುವ ಹಾಗೆ ಅದರ ಕಡೆ ಬೆರಳು ತೋರಿಸಿದಳು.

"ಮತ್ತೆ ಆ ಹೊಗೆ?"

"ಅದರಲ್ಲಿ ನೂಲಿದೆ ಕಣೇ," ಎಂದು ಹಳದಿಯವಳು ರೇಗಿದಳು. "ಅರ್ಧ ಬೆಂದಿದೆ. ಅದನ್ನೂ ಆರಿಸಿಬಿಟ್ರೆ ಬಣ್ಣ ಯಾರು ನಿಮ್ಮಪ್ಪ ಹಚ್ತಾನಾ?"

ಆ ರೇಗಾಟ ಕೇಳಿದ ಮೇಲೆ ಮೆಟ್ಟಿಲಿನವಳ ಕಾಲಲ್ಲಿದ್ದ ಬಿಗಿ ಸಡಿಲಿತು. ಸಂಚು ಮಾಡಿಕೊಂಡು ಬಂದವರು ಹೀಗೆ ಬೈಯುವುದಿಲ್ಲ. ಕೊಡಲಿಯವನು ಬಾಯಲ್ಲಿದ್ದದ್ದನ್ನು ಉಗಿದು, ಕೊಡಲಿಯನ್ನು ಗಾಡಿಗೆ ಎಸೆದ. ಅವಳು ಕೂತಿದ್ದ ಕಲ್ಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಳು. ಮುದುಕ ಬಂದು ನೆರಳಿನಲ್ಲಿ ಕೂತ. ಅವನ ಮುಷ್ಟಿ ಮತ್ತೆ ಬಿಗಿಯಾಗಿತ್ತು.

ಧಣಿ ಮಾತ್ರ ನೆರಳಿಗೆ ಬರಲಿಲ್ಲ. ಅವನು ಮೂಡಣ ಕಡೆಗೆ, ಕಡಿದ ಬುಡಗಳ ನಡುವೆ ನಡೆದುಹೋದ. ಒಂದೊಂದು ಬುಡದ ಬಳಿಯೂ ಬಗ್ಗಿ ನೋಡುತ್ತ, ಅಲ್ಲವೆಂದು ಮುಂದಕ್ಕೆ ಹೋಗುತ್ತ, ಒಂದು ಸಣ್ಣ ಬುಡದ ಹತ್ತಿರ ನಿಂತ. ಆಮೇಲೆ ಮೆಲ್ಲಗೆ ಮಂಡಿಯೂರಿ ಅದರ ಮೇಲೆ ಅಂಗೈ ಇಟ್ಟ.

ಎಲ್ಲರೂ ಅದನ್ನು ನೋಡಿದರು. ಅವನನ್ನು ಯಾರೂ ಏನೂ ಕೇಳಲಿಲ್ಲ.